ಕೆಂಚನ ಕಲ್ಲು ಇದ್ದ ಜಾಗ

ಉಬ್ರಾಣಿಯಿಂದ ಆರು ಕಿಲೋಮೀಟರ್ ಒಳಗಿರುವ ಕಲ್ಲುಹುಣಸೆ ಅಂಥ ಹೇಳಿಕೊಳ್ಳುವ ಊರೇನಲ್ಲ. ದಿನಕ್ಕೆ ಮೂರು ಸಲ ಬರುವ ಬಸ್ಸು ಅರಳಿಮರ ಸುತ್ತಿ ವಾಪಸ್ ಹೋಗುತ್ತದೆ. ತನ್ನ ಊರಿನ ಬಗ್ಗೆ ಕೇಳುವಂಥದ್ದು, ಬರೆಯುವಂಥದ್ದು ಏನಾದರೂ ಇರಬಹುದು ಎಂದು ಒಂಬತ್ತನೇ ಕ್ಲಾಸಿನ ಅಕ್ಷಿತಾಗೆ ಅನ್ನಿಸಿದ್ದು ಸುಚಿತ್ರಾ ಮೇಡಂ ಸಮಾಜ ವಿಜ್ಞಾನಕ್ಕೆ ಬಂದ ಮೇಲೆ.

ಮೇಡಂ ನ್ಯಾಮತಿ ಕಡೆಯವರು, ಹೊಸದಾಗಿ ಕೆಲಸಕ್ಕೆ ಸೇರಿದವರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಿನ ಕೆಲವು ಮೇಷ್ಟ್ರುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದು ಕೆಲಸ ಶುರು ಮಾಡಿದ್ದರು. ಮಕ್ಕಳು ಮೊಬೈಲ್ ಹಿಡಿದು ತಮ್ಮೂರಿನ ಹಳೇ ಕಲ್ಲು, ಬಾವಿ, ಬಿದ್ದ ಕೋಟೆಗೋಡೆ, ಏನಿದೆಯೋ ಅದರ ಫೋಟೋ ತೆಗೆಯಬೇಕು, ಊರಿನ ಹಿರಿಯರನ್ನು ಮಾತಾಡಿಸಿ ರೆಕಾರ್ಡ್ ಮಾಡಬೇಕು. ಬಿಳಿಚೋಡು ಕಡೆಯ ಕೊಟ್ರೇಶ್ ಮೇಷ್ಟ್ರು ಅದನ್ನೆಲ್ಲ ಇಂಟರ್‌ನೆಟ್ಟಿನ ಒಂದು ಭೂಪಟಕ್ಕೆ ಏರಿಸುತ್ತಿದ್ದರು. ಭೂಪಟದ ಚುಕ್ಕಿ ಮುಟ್ಟಿದರೆ ಆ ಜಾಗದ ಚಿತ್ರ ತೆರೆದುಕೊಂಡು, ಯಾರೋ ಅಜ್ಜನೋ ಅಜ್ಜಿಯೋ ಮಾತಾಡತೊಡಗುತ್ತಿದ್ದರು.

ಅಕ್ಷಿತಾಗೆ ಸ್ವಂತ ಮೊಬೈಲ್ ಇರಲಿಲ್ಲ. ಅವಳಪ್ಪ ಕೆಂಚೇಶ್ ಪಂಚಾಯಿತಿಯ ನೀರಗಂಟಿ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನೀರು ಬಂತಾ, ಯಾವ ಕೇರಿಗೆ ಬಿಟ್ಟಿದೀಯ ಎಂದು ಅವನಿಗೆ ಫೋನು ಬರುತ್ತಲೇ ಇರುತ್ತದೆ. ಹಾಗಾಗಿ ಸಂಜೆ ಶಾಲೆ ಬಿಟ್ಟ ಮೇಲೆ ಒಂದೂವರೆ ಗಂಟೆ ಮಾತ್ರ ಆ ಮೊಬೈಲು ಅವಳ ಕೈಗೆ ಸಿಗುತ್ತಿತ್ತು. ಗಾಜಿನ ಒಂದು ಮೂಲೆ ಒಡೆದಿತ್ತು. ಚಿತ್ರಕ್ಕೇನೂ ತೊಂದರೆ ಇರಲಿಲ್ಲ.

ಅವಳಿಗೆ ಯಾವುದರ ಬಗ್ಗೆ ಮಾಡಬೇಕು ಎಂದು ಯೋಚಿಸಬೇಕಾದ ಪ್ರಮೇಯವೇ ಬರಲಿಲ್ಲ. ಕೇರಿಯ ಹಿಂದೆ, ವಿರೂಪಾಕ್ಷಪ್ಪನವರ ತೋಟದ ಬೇಲಿಯಾಚೆ, ಸೀತಾಫಲದ ಗಿಡಗಳ ನಡುವೆ ಎದೆಮಟ್ಟದ ಒಂದು ವೀರಗಲ್ಲು ಇತ್ತು. ಅವಳಜ್ಜ ಪಾಪಣ್ಣ ವರ್ಷಕ್ಕೊಮ್ಮೆ, ಮಹಾಲಯ ಅಮಾವಾಸ್ಯೆಯ ದಿನ, ಅದನ್ನು ತೊಳೆದು ಎಡೆ ಇಟ್ಟು ಬರುತ್ತಿದ್ದ. ಅವನಪ್ಪನೂ ಹಾಗೇ ಮಾಡುತ್ತಿದ್ದನಂತೆ. ಮನೆಯ ಗೋಡೆಯ ಮೇಲೆ ಬಾಬಾಸಾಹೇಬರ ಪಕ್ಕ ಬುದ್ಧನ ಫೋಟೋ ತಂದು ತೂಗುಹಾಕಿದ್ದ ಕೆಂಚೇಶನಿಗೆ ಈ ಎಡೆಗಿಡೆಯಲ್ಲಿ ನಂಬಿಕೆ ಇರಲಿಲ್ಲ. ಆದರೂ ಅದು ದೇವರಲ್ಲ, ನಮ್ಮ ಹಿರಿಯ ಎಂದು ಅಪ್ಪ ಹೇಳಿದ ಮೇಲೆ, ಕೋಳಿ ಕುಯ್ಯಬಾರದು ಎಂಬ ಒಂದೇ ಕರಾರಿನ ಮೇಲೆ ಅವನೂ ಜೊತೆಗೆ ಹೋಗುತ್ತಿದ್ದ.

ಜುಲೈ ತಿಂಗಳ ಒಂದು ಸಂಜೆ ಅಕ್ಷಿತಾ, ಅವಳ ಗೆಳತಿ ರಕ್ಷಾ, ಪಾಪಣ್ಣ, ಮೂವರೂ ಕಲ್ಲಿನ ಹತ್ತಿರ ಹೋದರು. ಪಾಪಣ್ಣ ಒಗೆದ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದ. ರಕ್ಷಾ ಮೊಬೈಲು ಹಿಡಿದಳು. ಮೊದಮೊದಲು ಅವನಿಗೆ ಬಾಯೇ ಬರಲಿಲ್ಲ.

"ಮೊಬೈಲ್ ನೋಡ್ಬ್ಯಾಡ ಅಜ್ಜ, ನನ್ನ ನೋಡ್ಕೊಂಡು ಹೇಳು" ಎಂದಳು ಅಕ್ಷಿತಾ.

"ನಿನ್ನ ನೋಡಿದ್ರೆ ನಗು ಬರ್ತೈತೆ ಕಣವ್ವ."

ಕೊನೆಗೆ ಅವನು ಕಲ್ಲಿಗೆ ಮುಖ ಮಾಡಿ, ಅದಕ್ಕೇ ಹೇಳುವವನ ಹಾಗೆ ಹೇಳತೊಡಗಿದ. ಆ ಕಲ್ಲಿನಲ್ಲಿರುವವನ ಹೆಸರು ಕೆಂಚ. ದನ ಕಾಯುವವನು. ಊರಿನ ಗಂಡಸರೆಲ್ಲ ಹೊಲಕ್ಕೆ ಹೋಗಿದ್ದ ಒಂದು ದಿನ ದನ ಹೊಡೆದುಕೊಂಡು ಹೋಗಲು ಕುದುರೆಯ ಮೇಲೆ ಕಳ್ಳರ ದಂಡು ಬಂತು. ಕೆಂಚ ಓಡಿಹೋಗಿ ಅಡಗಬಹುದಿತ್ತು. ಅವನು ಈ ದಿಬ್ಬದ ಮೇಲೆ ನಿಂತು ತಮಟೆ ಬಾರಿಸಿದ. ಆ ಸದ್ದು ಕೇಳಿ ಹೆಂಗಸರು ಮಕ್ಕಳನ್ನೆತ್ತಿಕೊಂಡು ಗುಡ್ಡ ಹತ್ತಿದರು. ಹೊಲದಲ್ಲಿದ್ದವರು ಕುಡುಗೋಲು ಹಿಡಿದು ಓಡಿಬಂದರು. ಕಳ್ಳರು ಸದ್ದು ಬಂದ ಕಡೆ ಬಂದು ಇವನನ್ನು ಕೊಂದರು. ಕೈ ನಿಂತಾಗಲೇ ತಮಟೆ ನಿಂತಿತು. ಸಂಜೆ ದನಗಳು ತಾವಾಗೇ ಕೊಟ್ಟಿಗೆಗೆ ಬಂದವು.

ಕಲ್ಲಿನ ಮೇಲಿದ್ದ ಆಳಿನ ಸೊಂಟದ ಪಕ್ಕ ದುಂಡಗೆ ಏನೋ ಕೆತ್ತಿದ್ದರು. ಫೋಟೋ ನೋಡಿದ ಮೇಲೆ ಮೇಡಂ ಅದು ಗುರಾಣಿ ಇರಬಹುದು ಎಂದರು. ಪಾಪಣ್ಣ ಒಪ್ಪಲಿಲ್ಲ, ತಮಟೆಯೇ ಎಂದ. ಹರೆಯದಲ್ಲಿ ಅವನೂ ತಮಟೆ ಬಾರಿಸುತ್ತಿದ್ದವನು. ಊರವರ ಸಾವಿಗೆ ನಾವು ಬಡಿಯುವುದಿಲ್ಲ ಎಂದು ಕೇರಿಯವರೆಲ್ಲ ತೀರ್ಮಾನಿಸಿದ ದಿನ ಅದನ್ನು ಅಟ್ಟಕ್ಕೆ ಹಾಕಿದವನು ಮತ್ತೆ ಇಳಿಸಿರಲಿಲ್ಲ. ಆದರೆ ಈ ತಮಟೆಯ ಮೇಲೆ ಬೆರಳಾಡಿಸುವಾಗ ಮಾತ್ರ ಅವನ ಮುಖವೇ ಬೇರೆಯಾಗುತ್ತಿತ್ತು.

ಕೊನೆಯಲ್ಲಿ ಅವನು ಕಲ್ಲಿನ ಬುಡ ಮುಟ್ಟಿ ಹೇಳಿದ: "ಇವನ ಕಾಲ ಕೆಳಗೆ ನಮ್ಮೂರ ಭಾಗ್ಯ ಐತೆ ನೋಡವ್ವ. ಅವತ್ತು ಇವನು ಇಲ್ಲಿಂದ ಕಾಲು ಕಿತ್ತಿದ್ರೆ ನಾನೂ ಇಲ್ಲ, ನೀನೂ ಇಲ್ಲ, ಊರೇ ಇರ್ತಿರಲಿಲ್ಲ."

ರಕ್ಷಾ ರೆಕಾರ್ಡಿಂಗ್ ನಿಲ್ಲಿಸಿದಳು. ಎಲ್ಲ ಸೇರಿ ಏಳು ನಿಮಿಷ ಬಂದಿತ್ತು.

ಆಗಸ್ಟಿನಲ್ಲಿ ಭೂಪಟದ ಮೇಲೆ ಕಲ್ಲುಹುಣಸೆಯ ಚುಕ್ಕಿ ಕಾಣಿಸಿಕೊಂಡಿತು. ಜಗಳೂರು ಕಡೆಯ ಮಕ್ಕಳು ಹಾಕಿದ್ದ ಒಂದು ಹಾಳುಬಾವಿ, ಹೊನ್ನಾಳಿಯವರು ಹಾಕಿದ್ದ ಹೊಳೆದಂಡೆಯ ಮಂಟಪ, ಇಂಥವುಗಳ ನಡುವೆ ಕೆಂಚನ ಕಲ್ಲನ್ನೇ ಜನ ಹೆಚ್ಚು ನೋಡಿದರು. ಮೇಲಿನ ಬೀದಿಯ ಹುಡುಗರು ಬಂದು ಕಲ್ಲಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಇಷ್ಟು ವರ್ಷ ಅವನನ್ನು ಏ ಪಾಪ ಎಂದೇ ಕರೆಯುತ್ತಿದ್ದ ವಿರೂಪಾಕ್ಷಪ್ಪನವರು ಅರಳಿಕಟ್ಟೆಯ ಮೇಲೆ ಕೂತು, "ಪಾಪಣ್ಣ, ಬಾರಪ್ಪ ಇಲ್ಲಿ, ಆ ಕಥೆ ನಮಗೂ ಹೇಳು" ಎಂದರು. ಪಾಪಣ್ಣ ಮನೆಗೆ ಬಂದು ಹೆಂಡತಿ ಅಂಜಮ್ಮನ ಎದುರು ಅದನ್ನೇ ಎರಡು ಸಲ ಹೇಳಿದ. ಆಮೇಲೆ ಮೊಮ್ಮಗಳನ್ನು ಕರೆದು, ಇನ್ನೂ ಬೇಕಾದಷ್ಟಿದೆ, ಬರಗಾಲದ ವರ್ಷ ಕೇರಿಯವರು ಏನು ತಿಂದು ಬದುಕಿದರು ಅನ್ನುವುದಿದೆ, ತಮಟೆ ಬಿಟ್ಟ ದಿನದ್ದಿದೆ, ದೀಪಾವಳಿ ಆಗಲಿ, ಒಂದೊಂದಾಗಿ ಹೇಳುತ್ತೇನೆ ಎಂದ.

ಗಣಪತಿ ಬಿಟ್ಟ ಮಾರನೇ ವಾರ, ಶಾಲೆಯ ಬೋರ್‌ವೆಲ್ಲಿನ ಹತ್ತಿರ ರಕ್ಷಾ ತನ್ನಣ್ಣನ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಅದರಲ್ಲಿದ್ದದ್ದು ಅಜ್ಜ. ಹಿಂದೆ ಎದೆ ನಡುಗಿಸುವಂಥ ಸಂಗೀತ, ಕಲ್ಲಿನ ಬುಡಕ್ಕೆ ಕೆಂಪು ಬಾಣದ ಗುರುತು. ಈ ಕಲ್ಲಿನ ಕೆಳಗೆ ಏನಿದೆ, ಮುದುಕ ಬಾಯಿಬಿಟ್ಟ ರಹಸ್ಯ ಎಂದು ದಪ್ಪ ಅಕ್ಷರ. ಒಂಬತ್ತು ಸೆಕೆಂಡು. ಇವನ ಕಾಲ ಕೆಳಗೆ ನಮ್ಮೂರ ಭಾಗ್ಯ ಐತೆ ನೋಡವ್ವ, ಅಲ್ಲಿಗೆ ಕತ್ತರಿಸಿದ್ದರು. ಅಕ್ಷಿತಾಗೆ ಮೊದಲು ನಗು ಬಂತು. ಅಜ್ಜ ಸಿನಿಮಾದ ಮಂತ್ರವಾದಿಯ ಹಾಗೆ ಕಾಣುತ್ತಿದ್ದ. ಆಮೇಲೆ ಕೆಳಗೆ ಜನ ಬರೆದಿದ್ದನ್ನು ಓದಿದಳು. ನಿಧಿಯ ಕೊಪ್ಪರಿಗೆ ಇದ್ದೇ ಇದೆ ಎಂದು ಒಬ್ಬ ಬರೆದಿದ್ದ. ಜಾಗ ಎಲ್ಲಿ ಎಂದು ಹತ್ತಾರು ಜನ ಕೇಳಿದ್ದರು. ಒಬ್ಬ ಉತ್ತರ ಹಾಕಿದ್ದ. ಅವನು ಹಾಕಿದ್ದು ಅವರದೇ ಭೂಪಟದ ಚುಕ್ಕಿ.

ಇಬ್ಬರೂ ಅದನ್ನು ಮೇಡಂಗೆ ತೋರಿಸಿದರು. ಅವರು ಆ ಚಾನೆಲ್ಲಿನವರಿಗೆ ತೆಗೆಯಿರಿ ಎಂದು ಬರೆದರು, ಉತ್ತರ ಬರಲಿಲ್ಲ. ಕೊಟ್ರೇಶ್ ಮೇಷ್ಟ್ರಿಗೆ ಫೋನು ಮಾಡಿ ಅದೇ ಸಂಜೆ ಚುಕ್ಕಿ ಅಳಿಸಿಸಿದರು. ಅಷ್ಟು ಹೊತ್ತಿಗೆ ವಿಡಿಯೋವನ್ನು ನಲವತ್ತು ಸಾವಿರ ಜನ ನೋಡಿಯಾಗಿತ್ತು. ನಾನೇ ಬಂದು ನಿಮ್ಮಪ್ಪನ ಹತ್ತಿರ ಮಾತಾಡುತ್ತೇನೆ ಎಂದರು ಮೇಡಂ. ಬೇಡ ಮೇಡಂ, ನಾನೇ ಹೇಳುತ್ತೇನೆ ಎಂದಳು ಅಕ್ಷಿತಾ.

ಅವಳು ಹೇಳಲಿಲ್ಲ. ಮನೆಗೆ ಬಂದಾಗ ಅಜ್ಜ ಜಗುಲಿಯ ಮೇಲೆ ಕೂತು ಪಕ್ಕದ ಮನೆಯವರಿಗೆ ಕೆಂಚನ ಕಥೆ ಹೇಳುತ್ತಿದ್ದ. ಇವತ್ತು ಬೇಡ, ನಾಳೆ ಹೇಳಿದರಾಯಿತು ಅಂದುಕೊಂಡಳು. ಮಾರನೇ ದಿನವೂ ಹಾಗೇ ಆಯಿತು. ಚುಕ್ಕಿ ಅಳಿಸಿದ್ದಾರಲ್ಲ, ಇನ್ನೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೀಗೆ ಹನ್ನೊಂದು ದಿನ ಕಳೆಯಿತು.

ಹನ್ನೆರಡನೇ ದಿನ ಮಹಾಲಯ ಅಮಾವಾಸ್ಯೆ. ಬೆಳಗ್ಗೆ ಎಂಟರ ಹೊತ್ತಿಗೆ ಎಲ್ಲರೂ ಹೊರಟರು. ಪಾಪಣ್ಣ ಮುಂದೆ ತಂಬಿಗೆ ಹಿಡಿದು, ಅವನ ಹಿಂದೆ ಕೆಂಚೇಶ್ ಮತ್ತು ಅಕ್ಷಿತಾ, ಕೊನೆಯಲ್ಲಿ ಅಂಜಮ್ಮ ರಾಗಿಮುದ್ದೆ, ಅವರೆಕಾಳು ಸಾರಿನ ತಟ್ಟೆಗೆ ಬಟ್ಟೆ ಮುಚ್ಚಿಕೊಂಡು. ಬೇಲಿ ದಾಟುತ್ತಲೇ ಪಾಪಣ್ಣ ನಿಂತುಬಿಟ್ಟ.

ಸೀತಾಫಲದ ಗಿಡಗಳನ್ನು ಕಡಿದು ಬಿಸಾಕಿದ್ದರು. ಕಲ್ಲು ಇದ್ದಲ್ಲಿ ಸೊಂಟದಾಳದ ಗುಂಡಿ. ಸುತ್ತ ಕುಂಕುಮ, ಕತ್ತರಿಸಿದ ನಿಂಬೆಹಣ್ಣು, ಒಂದು ಕಪ್ಪು ಕೋಳಿಯ ಪುಕ್ಕ. ಹಾರೆಯ ಪೆಟ್ಟಿಗೆ ಕಲ್ಲು ಮೂರು ಕಡೆ ಒಡೆದಿತ್ತು. ಬುಡದ ತುಂಡು ಅಡ್ಡ ಬಿದ್ದಿತ್ತು, ಮೇಲಿನದು ಪುಡಿಪುಡಿ. ಆಳಿನ ಆಕಾರವಿದ್ದ ನಡುವಿನ ತುಂಡು ಇರಲೇ ಇಲ್ಲ. ಗುಂಡಿಯ ತಳದಲ್ಲಿ ಮಣ್ಣು, ಮಣ್ಣಿನ ಕೆಳಗೆ ಮತ್ತೆ ಅದೇ ಕೆಮ್ಮಣ್ಣು.

ಪಾಪಣ್ಣ ತಂಬಿಗೆ ಕೆಳಗಿಟ್ಟು, ಕೈಯೂರಿ ಗುಂಡಿಗೆ ಇಳಿದ. ಕೆಂಚೇಶ್ ಹಿಡಿಯಲು ಹೋದರೆ ಕೈ ಕೊಡವಿದ. ಒಂದೊಂದೇ ಚೂರು ಎತ್ತಿ, ಮಣ್ಣೊರೆಸಿ, ಇನ್ನೊಂದರ ಪಕ್ಕ ಇಟ್ಟು ನೋಡಿದ. ಹಸುವಿನ ಒಂದು ಕೋಡು ಸಿಕ್ಕಿತು. ಕುದುರೆಯ ಕಾಲು ಸಿಕ್ಕಿತು. ಅವು ಒಂದಕ್ಕೊಂದು ಕೂಡಲಿಲ್ಲ. ಬಹಳ ಹೊತ್ತು ಹಾಗೇ ಹುಡುಕಿದ.

ಅಂಜಮ್ಮ ದಂಡೆಯ ಮೇಲೆ ನಿಂತೇ ಇದ್ದಳು. ಕೊನೆಗೆ ತಗ್ಗಿದ ದನಿಯಲ್ಲಿ ಕೇಳಿದಳು: "ಎಡೆ ಎಲ್ಲಿಡ್ಲಿ?"

ಅವಳು ತಟ್ಟೆಯನ್ನು ಹಾಗೇ ಮನೆಗೆ ವಾಪಸ್ ಹೊತ್ತು ತಂದಳು.

ಸುದ್ದಿ ಹರಡಿ, ಪೊಲೀಸರಿಗೆ ದೂರು ಹೋಗಿ, ಮೂರನೇ ದಿನ ಪಾಪಣ್ಣನಿಗೆ ಠಾಣೆಯಿಂದ ಕರೆ ಬಂತು. ಕೆಂಚೇಶನ ಜೊತೆ ಸುಚಿತ್ರಾ ಮೇಡಂ ರಜೆ ಹಾಕಿ ಹೋದರು, ಅಕ್ಷಿತಾಳನ್ನೂ ಕರೆದುಕೊಂಡು. ಯಾರೂ ಹೊಡೆಯಲಿಲ್ಲ, ಬಡಿಯಲಿಲ್ಲ. ಹತ್ತು ಗಂಟೆಗೆ ಬೆಂಚಿನ ಮೇಲೆ ಕೂರಿಸಿದವರು ಮಧ್ಯಾಹ್ನದವರೆಗೂ ಏನೂ ಕೇಳಲಿಲ್ಲ. ಆಮೇಲೆ ಒಬ್ಬ ಅಧಿಕಾರಿ ಮೊಬೈಲಿನಲ್ಲಿ ಆ ಒಂಬತ್ತು ಸೆಕೆಂಡು ಹಾಕಿ ತೋರಿಸಿದ. ಪಾಪಣ್ಣ ಅದನ್ನು ನೋಡಿದ್ದು ಅದೇ ಮೊದಲು.

"ಇದು ನಿನ್ನದೇ ಬಾಯಿ ಅಲ್ವೇನಯ್ಯ?" ಎಂದ ಅಧಿಕಾರಿ.

ಪಾಪಣ್ಣ ಇನ್ನೊಮ್ಮೆ ಹಾಕಲು ಹೇಳಿದ. ಇನ್ನೊಮ್ಮೆ ನೋಡಿದ. "ನಂದೇ ಸ್ವಾಮಿ" ಎಂದ.

ಮೇಡಂ ತಡೆಯಲಾರದೆ ಮುಂದೆ ಬಂದು, ಇದು ಪೂರ್ತಿಯಲ್ಲ, ಕತ್ತರಿಸಿದ್ದಾರೆ ಎಂದು ಏಳು ನಿಮಿಷದ ರೆಕಾರ್ಡಿಂಗನ್ನು ಹಾಕಿಸಿದರು. ಅಧಿಕಾರಿ ಕೇಳಿಸಿಕೊಂಡ. ಕೆಟ್ಟ ಮನುಷ್ಯನೇನಲ್ಲ. ಸಂಜೆ ಐದಕ್ಕೆ ಸಹಿ ಹಾಕಿಸಿಕೊಂಡು ಕಳಿಸಿದ. ಬಸ್ಸಿನಲ್ಲಿ ಪಾಪಣ್ಣ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಅಕ್ಷಿತಾ ಒಂದು ಬಿಸ್ಕತ್ತು ಕೊಟ್ಟಳು. ತೆಗೆದುಕೊಂಡು ಕೈಯಲ್ಲೇ ಹಿಡಿದುಕೊಂಡ.

ಊರಿನಲ್ಲಿ ಮಾತು ಬೇರೆ ದಾರಿ ಹಿಡಿದಿತ್ತು. ಗುಟ್ಟು ಗೊತ್ತಿದ್ದವರು ಅವರೇ, ಅಗೆದವರೂ ಅವರೇ ಇರಬೇಕು ಎಂದು ಅರಳಿಕಟ್ಟೆಯ ಮೇಲೆ ಯಾರೋ ಅಂದರಂತೆ. ಹೋದ ಯುಗಾದಿಗೆ ಕೆಂಚೇಶ್ ಕಂತಿನ ಮೇಲೆ ತಂದ ಗಾಡಿ ಈಗ ಎಲ್ಲರ ಕಣ್ಣಿಗೆ ಬಿತ್ತು. ವಿರೂಪಾಕ್ಷಪ್ಪನವರು ತೋಟದ ಆಚೆಗೂ ತಂತಿಬೇಲಿ ಹಾಕಿಸಿದರು. ದಾರಿಯಲ್ಲಿ ಸಿಕ್ಕಾಗ, "ಏ ಪಾಪ, ಇನ್ಮ್ಯಾಲೆ ಆ ಕಡೆ ಬರಾಕೆ ಹೋಗಬ್ಯಾಡ" ಎಂದಷ್ಟೇ ಹೇಳಿ ಮುಂದೆ ಹೋದರು.

ಅಕ್ಷಿತಾಗೆ ಅನ್ನ ಸೇರುತ್ತಿರಲಿಲ್ಲ. ಯಾರಾದರೂ ತನ್ನನ್ನು ಬೈಯಲಿ ಎಂದು ಕಾದಳು. ಅಪ್ಪ ಬೈಯಲಿಲ್ಲ, ಅಮ್ಮ ಪುಷ್ಪಾ ಬೈಯಲಿಲ್ಲ. ಒಂದು ಭಾನುವಾರ ಅಜ್ಜ ಹಿತ್ತಲಲ್ಲಿ ಸೌದೆ ಸೀಳುತ್ತಿದ್ದಾಗ ಹೋಗಿ ಎದುರಿಗೆ ಕೂತು ಎಲ್ಲ ಹೇಳಿಬಿಟ್ಟಳು. ಹನ್ನೊಂದು ದಿನ ಮೊದಲೇ ತನಗೆ ಗೊತ್ತಿತ್ತು ಎಂದಳು. ಅವತ್ತೇ ಹೇಳಿದ್ದರೆ ಕೇರಿಯವರು ಸರದಿಯ ಮೇಲೆ ಕಾಯಬಹುದಿತ್ತು ಎಂದಳು. ಪಾಪಣ್ಣ ಮಚ್ಚು ಪಕ್ಕಕ್ಕಿಟ್ಟ.

"ನಿನ್ನ ಮೊಬೈಲು ಏನು ಮಾಡ್ತೈತವ್ವ. ನಾನು ಅಂದದ್ದನ್ನೇ ಅದು ಅಂತು" ಎಂದ. "ನಮ್ಮಪ್ಪ, ಅವರಪ್ಪ, ಯಾರೂ ಇದನ್ನ ಹೊರಗಿನೋರ ಮುಂದೆ ಬಾಯಿಬಿಟ್ಟು ಹೇಳಿರಲಿಲ್ಲ. ನಾಲ್ಕು ಜನ ಕರೆದು ಕೂರಿಸ್ಕೊಂಡ್ರಲ್ಲ, ನಂಗೆ ಹಿಗ್ಗು ಬಂತು."

"ಅಜ್ಜ, ಬೈಯಿ ನನ್ನ."

ಅವನು ಬೈಯಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟು, ಆ ಕೈಯಲ್ಲಿ ಸೌದೆಯ ಪುಡಿ ಇದ್ದದ್ದು ಕಂಡು, ಅದನ್ನು ಮೆಲ್ಲಗೆ ಅವಳ ಕೂದಲಿನಿಂದ ಬಿಡಿಸತೊಡಗಿದ. ಅವನು ಬೈದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳು. ಇದನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಆಮೇಲೆ ಅವನು ಕಥೆ ಹೇಳುವುದನ್ನು ನಿಲ್ಲಿಸಿದ. ಜಗಳವಿಲ್ಲ, ಸಿಟ್ಟಿಲ್ಲ. ಊಟ ಆಯಿತಾ ಎಂದರೆ ಆಯಿತು ಎನ್ನುತ್ತಿದ್ದ, ಚಳಿಯಾ ಎಂದರೆ ಹೌದು ಎನ್ನುತ್ತಿದ್ದ. ದೀಪಾವಳಿ ಬಂದು ಹೋಯಿತು. ಮೇಡಂ ಒಂದು ಸಂಜೆ ಮೊಬೈಲನ್ನು ಶಾಲೆಯಲ್ಲೇ ಬಿಟ್ಟು, ಬರೀ ನೋಟ್‌ಬುಕ್ಕು ಪೆನ್ನು ಹಿಡಿದು ಮನೆಗೆ ಬಂದರು. ಚಾಪೆಯ ಮೇಲೆ ಕೂತು, ನನ್ನಿಂದ ತಪ್ಪಾಯಿತು ಎಂದು ಕೈಮುಗಿದರು. ಪಾಪಣ್ಣ ಗಾಬರಿಯಾಗಿ ಎದ್ದು ನಿಂತ. ಹಂಗೆಲ್ಲ ಅನ್ನಬೇಡಿ ತಾಯಿ ಎಂದ. ಬರಗಾಲದ ಮಾತು ಕೇಳಿದ್ದಕ್ಕೆ ಮಾತ್ರ, "ಎಲ್ಲ ಮರೆತುಹೋಗೈತ್ರಿ" ಎಂದ. ಮರೆತಿರಲಿಲ್ಲ ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅಕ್ಷಿತಾ ಮಾತ್ರ ಸುಮ್ಮನಿರಲಿಲ್ಲ. ಮೇಡಂ ಮೊಬೈಲಿನಿಂದ ಕೊಟ್ರೇಶ್ ಮೇಷ್ಟ್ರಿಗೆ ಫೋನು ಮಾಡಿ, ಉಳಿದ ಚುಕ್ಕಿಗಳನ್ನೂ ಅಳಿಸಿ ಸರ್ ಎಂದು ಕೇಳಿಕೊಂಡಳು. ಒಂದು ವರ್ಷದ ಕೆಲಸ ಅಲ್ವೇನಮ್ಮ ಎಂದರು ಅವರು. ಅವಳು ಗುಂಡಿಯ ಫೋಟೋ ಕಳಿಸಿದಳು. ಆ ವಾರ ನಲವತ್ತಮೂರು ಜಾಗಗಳ ಚುಕ್ಕಿ ಹೋಯಿತು. ಚಿತ್ರ, ಮಾತು ಉಳಿದವು, ದಾರಿ ಉಳಿಯಲಿಲ್ಲ. ಹೊನ್ನಾಳಿಯಲ್ಲಿ ನಾಲ್ಕೂ ತಾಲ್ಲೂಕಿನ ಮಕ್ಕಳು ಸೇರಿದ ದಿನ ಅವಳನ್ನು ವೇದಿಕೆಗೆ ಕರೆದರು. ಬರೆದುಕೊಂಡು ಹೋಗಿದ್ದ ಭಾಷಣ ಓದದೆ, ನಡೆದದ್ದನ್ನು ನಡೆದ ಹಾಗೆ ಹೇಳಿ ಇಳಿದಳು. ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಜನವರಿ ಕೊನೆಯಲ್ಲಿ ಪಾಪಣ್ಣನಿಗೆ ಜ್ವರ ಬಂತು. ಚನ್ನಗಿರಿಗೆ ಕರೆದುಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬಂದರು. ಇಳಿದ ಜ್ವರ ಮತ್ತೆ ಏರಿತು. ನಾಲ್ಕನೇ ದಿನ ಮಧ್ಯಾಹ್ನ, ಅಕ್ಷಿತಾ ಶಾಲೆಯಲ್ಲಿ ಗಣಿತದ ಪರೀಕ್ಷೆ ಬರೆಯುತ್ತಿದ್ದಾಗ, ಅಂಜಮ್ಮ ಗಂಜಿ ಆರಿಸುತ್ತಿದ್ದ ಹೊತ್ತಿನಲ್ಲಿ, ಅವನು ಹೋಗಿಬಿಟ್ಟ. ತಮಟೆ ಇರಲಿಲ್ಲ. ಕೆಂಚೇಶನ ಗೆಳೆಯರು ಬುದ್ಧವಂದನೆ ಹೇಳಿದರು. ಮೇಲಿನ ಬೀದಿಯಿಂದ ಮೂರು ನಾಲ್ಕು ಜನ ಬಂದು ದೂರದಲ್ಲಿ ನಿಂತು ಹೋದರು. ಹಾರೆ ಹಿಡಿದು ಬಂದವರು ಯಾರು ಎನ್ನುವುದು ಕೊನೆಗೂ ಪತ್ತೆಯಾಗಲಿಲ್ಲ.

ಏಪ್ರಿಲ್ ರಜೆಯಲ್ಲಿ ತಿಪ್ಪೇರುದ್ರಸ್ವಾಮಿ ಎಂಬ ಒಬ್ಬ ಹುಡುಗ ವಯಸ್ಸಿನ ಸರ್ಕಾರಿ ನೌಕರ ಟ್ಯಾಬು ಹಿಡಿದು ಬಂದ. ಹಾಳಾದ ಸ್ಮಾರಕಗಳ ಪಟ್ಟಿ ಮಾಡಲು ಕಳಿಸಿದ್ದಾರೆ ಎಂದ. ಮನೆಯಲ್ಲಿ ಅಕ್ಷಿತಾ ಒಬ್ಬಳೇ ಇದ್ದಳು. ತಂತಿಬೇಲಿಯ ಹೊರಗಿನಿಂದಲೇ ಅವನಿಗೆ ಜಾಗ ತೋರಿಸಿದಳು. ಮಳೆಗೆ ಗುಂಡಿಯ ಅಂಚು ಕುಸಿದು, ಒಳಗೆ ಹುಲ್ಲು ಬೆಳೆದು ಒಣಗಿತ್ತು. ಅವನು ನೆರಳಲ್ಲಿ ನಿಂತು ಒಂದೊಂದೇ ಪ್ರಶ್ನೆ ಕೇಳಿದ. ವೀರನ ಹೆಸರು ಹೇಳಿದಳು. ಎತ್ತರ, ಅಗಲ ಹೇಳಿದಳು. ಮೇಡಂ ಅಳೆಸಿದ್ದರು. ತಂದೆತಾಯಿಯ ಹೆಸರು? ಗೊತ್ತಿಲ್ಲ ಸರ್. ಕಲ್ಲು ನಿಲ್ಲಿಸಿದವರು ಯಾರು? ಗೊತ್ತಿಲ್ಲ. ಎಡೆ ಇಡುವಾಗ ನಿಮ್ಮಜ್ಜ ಏನಾದರೂ ಪದ ಹೇಳುತ್ತಿದ್ದರಾ? ತುಟಿ ಆಡುತ್ತಿತ್ತು ಸರ್, ಏನು ಅಂತ ಗೊತ್ತಿಲ್ಲ.

"ಮನೇಲೇ ಇದ್ರಲ್ಲ, ಕೇಳಿರಲಿಲ್ವಾ?" ಎಂದ ಅವನು, ಟ್ಯಾಬಿನಿಂದ ತಲೆ ಎತ್ತದೆ.

"ಕೇಳ್ಬೇಕು ಅಂತಿದ್ದೆ ಸರ್."

ಮಾಹಿತಿ ಕೊಟ್ಟವರ ಹೆಸರು ಎಂಬಲ್ಲಿ ಪಾಪಣ್ಣ ಎಂದು ಬರೆಯಿರಿ ಎಂದಳು. ಹೆಸರಿನ ಮುಂದೆ ಮೊಬೈಲ್ ನಂಬರು ಹಾಕಿ ಓಟಿಪಿ ಬಂದರೆ ಮಾತ್ರ ಅದು ಮುಂದೆ ಹೋಗುತ್ತದಂತೆ. ಅಪ್ಪನ ನಂಬರು ಕೊಟ್ಟು, ಅವನ ಮೊಬೈಲಿನಿಂದಲೇ ಅಪ್ಪನಿಗೆ ಫೋನು ಮಾಡಿ ಓಟಿಪಿ ಕೇಳಿ ಹೇಳಿದಳು. ಅವನು ತನ್ನ ನಂಬರು ಬರೆದುಕೊಟ್ಟು ಎರಡು ಗಂಟೆಯ ಬಸ್ಸಿಗೆ ಹೋದ.

ಸಂಜೆ ಕೂಲಿಯಿಂದ ಬಂದ ಅಂಜಮ್ಮ, ಯಾರೋ ಬಂದಿದ್ದರಂತಲ್ಲ, ಏನು ಕೇಳಿದರು ಎಂದಳು. ಅಕ್ಷಿತಾ ಹೇಳುತ್ತಾ ಹೋದಳು. ಕಾಲು ತೊಳೆಯುತ್ತಿದ್ದ ಅಂಜಮ್ಮ ಅರ್ಧಕ್ಕೆ ನಿಂತಳು.

"ಕೆಂಚನ ಅವ್ವನ ಹೆಸರು ಹಾಲವ್ವ ಅಂತಿದ್ರು ನಿಮ್ಮಜ್ಜ. ಎಡೆ ಇಡುವಾಗ ಮೊದ್ಲು ಅವಳನ್ನೇ ನೆನೆಸ್ತಿದ್ರು. ಹಾಲವ್ವನ ಮಗನೇ ಉಣ್ಣಪ್ಪ, ಅನ್ನೋರು."

ಅಕ್ಷಿತಾ ಅವಳನ್ನೇ ನೋಡಿದಳು. "ನೀನು ಯಾವತ್ತೂ ಹೇಳಲೇ ಇಲ್ವಲ್ಲ ಅಜ್ಜಿ."

"ನನ್ನ ಯಾರು ಕೇಳಿದ್ರು?" ಎಂದಳು ಅಂಜಮ್ಮ. ಮುನಿಸಿನಿಂದ ಅಂದದ್ದಲ್ಲ.

ಅಪ್ಪ ಬಂದ ತಕ್ಷಣ ಅಕ್ಷಿತಾ ಮೊಬೈಲು ಇಸಿದುಕೊಂಡು ಆ ನಂಬರಿಗೆ ಮಾಡಿದಳು. ಫಾರಂ ಸಬ್‌ಮಿಟ್ ಆಗಿಹೋಗಿದೆ, ಇನ್ನು ತಿದ್ದಲು ಬರುವುದಿಲ್ಲ ಎಂದ ಅವನು, ಬೇಜಾರು ಮಾಡಿಕೊಂಡೇ. ಅವಳು ಸಮಾಜ ವಿಜ್ಞಾನದ ನೋಟ್‌ಬುಕ್ಕು ತೆಗೆದು ಕೊನೆಯ ಹಾಳೆಯಲ್ಲಿ ಹಾಲವ್ವ ಎಂದು ಬರೆದಳು. ಅದರ ಕೆಳಗೆ, ಹಾಲವ್ವನ ಮಗನೇ ಉಣ್ಣಪ್ಪ ಎಂದು ಬರೆದಳು. ಪೆನ್ನು ಹಿಡಿದೇ ಕಾದಳು.

"ಆಮೇಲೆ, ಅಜ್ಜಿ?"

ಅಂಜಮ್ಮ ಒಲೆಯ ಮುಂದೆ ಕೂತು ಸೌದೆ ಒಳಕ್ಕೆ ತಳ್ಳಿದಳು.

"ಆಮ್ಯಾಲಿಂದು ಮೆಲ್ಲಗೆ ಹೇಳ್ಕೊಳ್ಳೋರವ್ವ" ಎಂದಳು. "ನಾನು ತಟ್ಟೆ ಹಿಡ್ಕೊಂಡು ಹಿಂದೆ ನಿಂತಿರ್ತಿದ್ದೆ. ನಂಗೆ ಕೇಳಿಸ್ತಿರಲಿಲ್ಲ."